ಒಂದೇ ಕಿವಿಗೆ ಮಾಡಿದ ಓಲೆ

ಮಾನ್ಯ ಅಧ್ಯಕ್ಷರೇ, ಈ ಸಭಾಂಗಣಕ್ಕೆ ಎಂಟು ಫ್ಯಾನು ದಾನ ಮಾಡಿ ನಮ್ಮ ತಲೆ ತಣ್ಣಗಿಟ್ಟಿರುವ ಮುಖ್ಯ ಅತಿಥಿಗಳೇ, ಕುರ್ಚಿ ಸಾಲದೆ ವೇದಿಕೆಯ ಬದಿಯಲ್ಲಿ ನಿಂತಿರುವ ಕಾರ್ಯದರ್ಶಿಗಳೇ, ಕರಕುಶಲ ಸಂಘದ ಸದಸ್ಯರೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ‘ವಿನ್ಯಾಸಕಿಯಾಗಿ ನಾನು ಬೆಳೆದ ಬಗೆ ಮತ್ತು ನನ್ನ ಸ್ಫೂರ್ತಿ’. ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಮ್ಮ, ಆ ವಿಷಯ ಮಾತ್ರ ಎತ್ತಬೇಡ, ಇವತ್ತು ಸಂತೋಷದ ದಿನ” ಎಂದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಆಮೇಲೆ ಮುಖ್ಯ ಅತಿಥಿಗಳ ಭಾಷಣ ಕೇಳಿದೆ. ಅಧ್ಯಕ್ಷರೇ, ತಲೆಯಾಡಿಸಿದ್ದನ್ನು ಈಗ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಮುಖ್ಯ ಅತಿಥಿಗಳು ಆಭರಣ ಕಾರ್ಖಾನೆಯ ಮಾಲೀಕರು. ಅವರ ಯಂತ್ರ ಒಂದು ದಿನಕ್ಕೆ ಉಗುಳುವಷ್ಟು ಓಲೆಯನ್ನು ನಾನು ಎರಡು ವರ್ಷ ಬೆನ್ನು ಬಗ್ಗಿಸಿ ಕೂತರೂ ಮಾಡಲಾರೆ. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಯಂತ್ರ ಅವರದು, ಕರೆಂಟು ಅವರದು. ಈಗ ತಾನೇ ಅವರು ತಮ್ಮ ಹೊಸ ಓಲೆಯ ಕಥೆ ಹೇಳಿದರಲ್ಲ, ನನ್ನ ತಕರಾರು ಅದರ ಬಗ್ಗೆ. ಬಲಗಿವಿಗೆ ಎಲ್ಲ ಓಲೆಗಳಂತೆ ತೂತಿನಿಂದ ಇಳಿಯುವ ತಾಮ್ರದ ಎಲೆಗಳು. ಎಡಗಿವಿಗೆ ತೂತೇ ಬೇಡ. ಕನ್ನಡಕದ ಕಡ್ಡಿಯ ಹಾಗೆ ಕಿವಿಯ ಮೇಲಿಂದ ಹಾದು ಹಿಂದಕ್ಕೆ ಬಳಸಿ ನಿಲ್ಲುವ ತಂತಿ, ಅದರಿಂದ ತೂಗುವ ಎಲೆಗಳು. ಸಂಜೆ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದಾಗ ಎಳೆ ಚಂದ್ರನನ್ನು ಕಂಡು ಆ ಬಾಗು ಹೊಳೆಯಿತಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ವೇದಿಕೆಯ ಮೇಲೆ ಕೂತವರ ಕೈ ತಾನಾಗಿ ತಟ್ಟುತ್ತದೆ.

ಸಾರ್, ಒಂದೇ ಪ್ರಶ್ನೆ. ನಿಮ್ಮ ಚಂದ್ರನಿಗೆ ಬೆನ್ನ ಮೇಲೆ ಗೂನು ಎಲ್ಲಿಂದ ಬಂತು?

ಸಭಿಕರಿಗೆ ಅರ್ಥವಾಗಲಿ. ಆ ತಂತಿ ಕಿವಿಯ ಹಿಂದೆ ಇಳಿಯುವ ಕಡೆ, ಮೆಣಸಿನ ಕಾಳಿನಷ್ಟು ತಲೆಯ ಕಡೆಗೆ ಉಬ್ಬಿದೆ. ಚಂದಕ್ಕಲ್ಲ, ಹಾಕಿಕೊಂಡರೆ ಅದು ಯಾರಿಗೂ ಕಾಣುವುದೂ ಇಲ್ಲ. ಕಾಣುವುದಿಲ್ಲ, ಆದರೆ ಒತ್ತುತ್ತದೆ. ಇವರ ಓಲೆ ಕೊಂಡ ಹೆಂಗಸರು ವಾರಕ್ಕೆ ನಾಲ್ಕೈದು ಜನ ನನ್ನ ಅಂಗಡಿಗೆ ಬರುತ್ತಾರೆ. ಕೂದಲು ಸರಿಸಿ ಕಿವಿಯ ಹಿಂದಿನ ಹುಣ್ಣು ತೋರಿಸುತ್ತಾರೆ, ಸ್ವಲ್ಪ ಬಗ್ಗಿಸಿ ಕೊಡಿ ಅನ್ನುತ್ತಾರೆ. ಇಕ್ಕಳದಲ್ಲಿ ಆ ಗೂನನ್ನು ನೇರ ಮಾಡಿ ಕಳಿಸುತ್ತೇನೆ. ನನ್ನಿಂದ ಎತ್ತಿಕೊಂಡು ಹೋದದ್ದನ್ನು ನಾನೇ ರಿಪೇರಿ ಮಾಡುತ್ತಿದ್ದೇನೆ ಸಾರ್, ನಿಮ್ಮ ಕಾರ್ಖಾನೆಯಲ್ಲಿ ನನಗೊಂದು ಟೇಬಲ್ ಹಾಕಿಸಿಕೊಡಿ.

ನಗಬೇಡಿ. ನಾನು ಸಿಟ್ಟಿನಲ್ಲಿದ್ದೇನೆ.

ಹೋದ ವರ್ಷ ವಸ್ತುಪ್ರದರ್ಶನಕ್ಕೆಂದು ಇದೇ ಅಧ್ಯಕ್ಷರು ನನ್ನಿಂದ ಒಂದು ಜೊತೆ ಓಲೆ ಕೇಳಿದರು. ಹೊಸದು ಮಾಡಲು ಸಮಯವಿರಲಿಲ್ಲ. ಅಕ್ಕ ಹಾಕಿಕೊಳ್ಳುತ್ತಿದ್ದುದನ್ನೇ ಬಿಚ್ಚಿಸಿ ಕೊಟ್ಟೆ. ಪ್ರದರ್ಶನ ಮುಗಿದದ್ದು ಮೂರು ದಿನಕ್ಕೆ, ಓಲೆ ಬಂದದ್ದು ನಲವತ್ತನೆಯ ದಿನಕ್ಕೆ. ಎಲ್ಲೋ ಸೇರಿಕೊಂಡಿತ್ತು ಎಂದರು. ಎಲ್ಲಿ ಸೇರಿಕೊಂಡಿತ್ತು ಎಂಬುದು ಎರಡು ತಿಂಗಳಲ್ಲಿ ಊರಿನ ಎಲ್ಲ ಅಂಗಡಿಗಳ ಗಾಜಿನಲ್ಲಿ ಕಂಡಿತು. ಗೂನಿನ ಸಮೇತ. ಅದು ಯಾಕಿದೆ ಎಂದು ಒಬ್ಬರಾದರೂ ಕೇಳಬಾರದಿತ್ತೇ? ಒಂದು ಫೋನು ಮಾಡಬಾರದಿತ್ತೇ? ಬೈದಾದರೂ ಹೇಳುತ್ತಿದ್ದೆ.

ಇರಲಿ, ಬೆಳೆದ ಬಗೆ ಹೇಳಬೇಕಲ್ಲ. ನಾನು ಬೆಳೆದದ್ದು ಮೆಟ್ಟಿಲ ಕೆಳಗೆ. ಬಳೆ ಪಿನ್ನು ಮಾರುವ ಅಂಗಡಿಯೊಂದರಲ್ಲಿ, ಮಹಡಿಗೆ ಹೋಗುವ ಮೆಟ್ಟಿಲ ಅಡಿ, ಒಂದು ಸ್ಟೂಲು ಹಿಡಿಯುವಷ್ಟು ಜಾಗ. ಎದ್ದರೆ ತಲೆ ಬಡಿಯುತ್ತಿತ್ತು, ಹಾಗಾಗಿ ಏಳುತ್ತಿರಲಿಲ್ಲ. ಕಿತ್ತುಹೋದ ಸರಗಳ ಕೊಂಡಿ ಹಾಕುವುದು ಕೆಲಸ. ಕಲಿಸಿದವರು ಅಂಗಡಿಯ ಯಜಮಾನಿ, ನಾವೆಲ್ಲ ಕೊಂಡಿಯಮ್ಮ ಎನ್ನುತ್ತಿದ್ದೆವು. ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಒಂದು ಸಲ, ಅದೂ ನನ್ನನ್ನು ಬೇರೆ ಯಾರೋ ಎಂದುಕೊಂಡು. ಆದರೆ ಗಿರಾಕಿ ಬಂದರೆ ಅವರು ಮೊದಲು ಕಿವಿ ಮುಟ್ಟಿ ನೋಡುತ್ತಿದ್ದರು. ದಪ್ಪವೇ, ತೆಳುವೇ, ತೂತು ಇಳಿದಿದೆಯೇ. “ಎಲ್ಲರ ಕಿವೀನೂ ಒಂದೇ ಅಂದ್ಕೊಂಡ್ರೆ ಈ ಕೆಲ್ಸ ಬಿಟ್ಬಿಡು” ಅನ್ನುತ್ತಿದ್ದರು. ಇಂದಿಗೂ ನಾನು ಪ್ರತಿ ಕಿವಿಗೂ ಕಾಗದ ಹಿಡಿದು ಗೆರೆ ಎಳೆದ ಮೇಲೆಯೇ ತಂತಿ ಮುಟ್ಟುವುದು.

ಈಗ ಸ್ಫೂರ್ತಿ. ಪತ್ರಿಕೆಯವರು ಕೇಳುತ್ತಾರೆ, ಕಾಲೇಜಿನ ಮಕ್ಕಳು ಕೇಳುತ್ತಾರೆ. ಎಲೆ ನೋಡಿ, ಹಕ್ಕಿ ನೋಡಿ, ಹರಿಯುವ ನೀರು ನೋಡಿ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಆ ಓಲೆಗೆ ಸ್ಫೂರ್ತಿ ಎಲೆಯೂ ಅಲ್ಲ, ಚಂದ್ರನೂ ಅಲ್ಲ. ನನ್ನ ಅಕ್ಕನ ಎಡಗಿವಿಯ ಹಾಲೆ ಹರಿದು ಎರಡಾಗಿದೆ. ಅವಳಿಗೆ ಇಪ್ಪತ್ತು ವರ್ಷವಿದ್ದಾಗ ಓಲೆಗೆ ಟವೆಲ್ ಸಿಕ್ಕಿ, ಬಚ್ಚಲಲ್ಲಿ ಜಾರಿ ಬಿದ್ದು, ಕಲ್ಲಿನ ಅಂಚು ಕಿವಿಯ ಹಿಂದೆ ಬಡಿಯಿತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಲೆಯ ಹೊಲಿಗೆ ಕೂಡಲಿಲ್ಲ. ಹಿಂದಿನ ಹೊಲಿಗೆ ಕೂಡಿ ಗಂಟಾಯಿತು. ಮೆಣಸಿನ ಕಾಳಿನಷ್ಟು ಗಂಟು. ಸಾರ್, ತಂತಿ ಆ ಗಂಟಿಗೆ ತಾಗದೆ ಬಳಸಿ ಹೋಗಲೆಂದು ಮಾಡಿದ್ದು ನಿಮ್ಮ ಚಂದ್ರನ ಗೂನು. ಪ್ರಪಂಚದಲ್ಲಿ ಒಂದೇ ಒಂದು ಕಿವಿಗೆ ಬೇಕಾದದ್ದನ್ನು ಸಾವಿರಾರು ಕಿವಿಗೆ ಚುಚ್ಚಿದ್ದೀರಿ.

ಅಕ್ಕ ಅಂದಿನಿಂದ ಕೂದಲು ಇಳಿಬಿಟ್ಟು ಕಿವಿ ಮುಚ್ಚಿಕೊಂಡೇ ಓಡಾಡಿದಳು. ಇಪ್ಪತ್ತು ವರ್ಷ. ಆ ಓಲೆಯನ್ನು ನಾನು ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಕೂರಿಸಿದೆ. ಅವಳು ಕನ್ನಡಿ ನೋಡಿಕೊಂಡಳು, ಒಳಗೆ ಹೋಗಿ ಕ್ಲಿಪ್ಪು ತಂದು ಕೂದಲು ಎತ್ತಿ ಕಟ್ಟಿದಳು. ನನ್ನ ಬಾಳಿನಲ್ಲಿ ಅಷ್ಟು ಸಂತೋಷ ನನಗೆ ಇನ್ನೊಮ್ಮೆ ಆಗಿಲ್ಲ. ಇವತ್ತೂ ಅವಳು ಹಾಗೆಯೇ ಕಟ್ಟಿಕೊಂಡು ಮೂರನೆಯ ಸಾಲಿನಲ್ಲಿ ಭಾವನ ಪಕ್ಕ ಕೂತಿದ್ದಾಳೆ. ಅದನ್ನು ಕಿತ್ತುಕೊಂಡು ಹೋಗಿ ಚಂದ್ರ ಎಂದಿರಲ್ಲ, ನಿಮಗೆ ಹೇಗೆ ಮನಸ್ಸು ಬಂತು? ಇನ್ನೊಬ್ಬರ ಕಿವಿಯಲ್ಲಿರುವುದು ಬೇಕೆನಿಸಿದರೆ ಬಾಯಿ ಬಿಟ್ಟು ಕೇಳಬೇಕು. ಕೊಡದಿದ್ದರೆ ಸುಮ್ಮನಿರಬೇಕು. ಕೈ ಹಾಕಿ ಎಳೆದುಬಿಡುವುದೇ? ಎಳೆದ ಮೇಲೆ ಅದು ಅಂಗೈಯಲ್ಲಿ ಎಷ್ಟು ಹಗುರ ಇರುತ್ತದೆ ಗೊತ್ತೇ? ಒದ್ದೆಯಾಗಿರುತ್ತದೆ, ಬೆಚ್ಚಗಿರುತ್ತದೆ,

ಸ್ವಲ್ಪ ನೀರು ಕೊಡಿ.

ಕಾರ್ಯದರ್ಶಿಗಳೇ, ಗಂಟೆ ಬಾರಿಸಬೇಡಿ. ಮುಗಿಸುತ್ತೇನೆ.

ಟವೆಲ್ ಅಲ್ಲ. ಬಚ್ಚಲೂ ಅಲ್ಲ. ಅಮ್ಮ ಹೋದ ಮೇಲೆ ಅವಳದೆಂದು ಉಳಿದದ್ದು ಒಂದೇ ಜೊತೆ ಓಲೆ. ಅಪ್ಪ ಅದನ್ನು ದೊಡ್ಡವಳಿಗೆ ಕೊಟ್ಟರು. ನನಗೆ ಹದಿನಾರು. ಅವತ್ತು ಶಾಲೆಯಲ್ಲಿ ಫೋಟೋ ತೆಗೆಯುವವರಿದ್ದರು, ಓಲೆ ಕೊಡು ಎಂದೆ. ತಲೆ ಬಾಚಿ ಬಿಚ್ಚಿ ಕೊಡ್ತೀನಿ, ಎರಡು ನಿಮಿಷ ಇರು ಎಂದಳು. ಎರಡು ನಿಮಿಷ, ಸಭಿಕರೇ. ನಾನು ಇರಲಿಲ್ಲ. ಎಳೆದೆ. ಎಳೆದ ರಭಸಕ್ಕೆ ಅವಳು ಬೀರುವಿನ ಮೂಲೆಗೆ ಬಿದ್ದಳು. ಡಾಕ್ಟರು ಹೇಗಾಯಿತು ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಅದುಮಿ, “ಟವೆಲ್ ಸಿಕ್ಕಾಕ್ಕೊಂಡು ಬಿದ್ಬಿಟ್ಟೆ ಡಾಕ್ಟ್ರೇ” ಎಂದಳು. ಅಪ್ಪನಿಗೂ ಅದನ್ನೇ ಹೇಳಿದಳು. ಮದುವೆಗೆ ಮುಂಚೆ ಭಾವನಿಗೂ ಅದನ್ನೇ ಹೇಳಿದಳು. ನನ್ನೊಡನೆ ಆ ಮಾತು ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ತಲೆಯಾಡಿಸಿಕೊಂಡು ಇದ್ದೆ.

ಹೀಗೆ ಬೆಳೆದೆ. ಹರಿದವಳೂ ನಾನೇ, ಅದಕ್ಕೆ ಓಲೆ ಮಾಡಿದವಳೂ ನಾನೇ, ಈಗ ಸನ್ಮಾನದ ಶಾಲು ಹೊದ್ದುಕೊಂಡವಳೂ ನಾನೇ. ಇದಕ್ಕೆ ಸ್ಫೂರ್ತಿ ಎಂದು ಹೆಸರಿಟ್ಟವರ ಮೇಲೆ ನನಗೆ ಸಿಟ್ಟು ಬರುತ್ತದೆ. ನನ್ನ ಮೇಲೆ ಬರುವಷ್ಟು ಬೇರೆ ಯಾರ ಮೇಲೂ ಬರುವುದಿಲ್ಲ.

ಭಾವ, ಅವಳನ್ನು ಹಾಗೆ ನೋಡಬೇಡಿ. ಅವಳು ಸುಳ್ಳು ಹೇಳಿದ್ದು ನಿಮಗೆ ಮೋಸ ಮಾಡಲಿಕ್ಕಲ್ಲ, ನನ್ನನ್ನು ಉಳಿಸಲಿಕ್ಕೆ. ಅಕ್ಕ, ಇಲ್ಲಿ ನೋಡು. ಅಕ್ಕ.

ಅವಳು ಕ್ಲಿಪ್ಪು ತೆಗೆಯುತ್ತಿದ್ದಾಳೆ. ಕೂದಲು ಇಳಿಬಿಟ್ಟು ಕಿವಿ ಮುಚ್ಚಿಕೊಂಡಳು. ಎದ್ದಳು.

ಮುಖ್ಯ ಅತಿಥಿಗಳೇ, ಕೇಳದೆ ತೆಗೆದುಕೊಂಡಿರಿ ಎಂದು ಇಷ್ಟು ಹೊತ್ತು ನಿಮ್ಮ ಮೇಲೆ ಕೂಗಾಡಿದೆ. ಅವಳು ಇಪ್ಪತ್ತು ವರ್ಷ ಮುಚ್ಚಿಟ್ಟದ್ದನ್ನು, ಅವಳನ್ನು ಒಂದು ಮಾತು ಕೇಳದೆ, ಇನ್ನೂರು ಜನರ ಮುಂದೆ ಈಗ ಮತ್ತೆ ಎಳೆದೆ.

ಬಾಗಿಲ ಹತ್ತಿರ ಕೂತವರು ಅವಳಿಗೆ ಸ್ವಲ್ಪ ದಾರಿ ಬಿಡಿ. ಆಮೇಲೆ ನನಗೂ ಬಿಡಿ. ಶಾಲು ಇಲ್ಲೇ ಕುರ್ಚಿಯ ಮೇಲೆ ಇಟ್ಟಿದ್ದೇನೆ. ಕರೆದದ್ದಕ್ಕೆ ಕೃತಜ್ಞತೆಗಳು, ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞತೆಗಳು. ಅವಳು ಹೊರಗೆ ಹೋದಳು. ನಮಸ್ಕಾರ.