ಸೋಮವಾರ ನಡೆಯುವ ಜಿನ್ನು

ಹಲೋ… ಹಲೋ, ಯಾರ್ರಿ ಮಾತಾಡೋದು?… ಬೆಳಗಾವಿ? ಬೆಳಗಾವಿಯಿಂದ ಯಾರು?… ಜೋರಾಗಿ ಹೇಳ್ರಿ, ಇಲ್ಲಿ ಬಾಜೂಕ ಇಂಜಿನ್ ನಡದೈತಿ, ಏನೂ ಕೇಳಸವಲ್ದು…

ಓಹೋ, ಅಣ್ಣಾಸಾಹೇಬ್ರ. ನಮಸ್ಕಾರ್ರಿ. ನಾ ಗುರುಲಿಂಗಪ್ಪ. ಗೋಕಾಕದಾಗ ನಿಮ್ಮದೊಂದು ಹತ್ತಿ ಜಿನ್ನು ಐತಲ್ರಿ, ಅದರ ಕಾರಕೂನ… ಅಲ್ರಿ, ಚೇಷ್ಟಿ ಅಲ್ಲ. ಮೂರು ವಾರ ಆತು ನೀವು ಈ ಕಡೆ ಮುಖಾ ಹಾಕಿ, ಅದಕ್ಕ ನೆನಪು ಮಾಡಿದೆ…

ಹಾಂ, ಬಂತ್ರಿ. ನಿಮ್ಮ ತಾರು ಮುಂಜಾನೆ ಎಂಟಕ್ಕ ಬಂತು. "ಬಾಳವ್ವನ ಹೆಸರು ತಗಿ." ಮೂರ ಶಬ್ದ. ಲಡಾಯಿ ಕಾಲದಾಗ ಶಬ್ದನೂ ಪರಮಿಟ್ಟಿನ ಮ್ಯಾಲ ಸಿಗತಾವೇನೋ ಅಂತ ಮಾಡಿದ್ನಿ… ತಗದ್ಯೋ ಇಲ್ಲೋ ಅಂತ ಕೇಳಾಕ ಟ್ರಂಕ್ ಕಾಲ್ ಮಾಡೀರಿ? ಹೇಳ್ತೀನ್ರಿ. ಹಾಜರಿ ಪುಸ್ತಕ ಮುಂದ ಐತಿ, ಮಸಿ ದೌತಿ ಐತಿ, ಕೈಯಾಗ ಟಾಕು ಐತಿ. ಅದಕ್ಕ ಬರ್ತೀನಿ…

ಏನು? ಇಂಜಿನ್ ಸಪ್ಪಳಾ?… ಹೌದಲ್ಲ, ಚೊಲೋ ನಡದೈತಿ… ಅರಳಿ? ಇಲ್ರಿ, ಹತ್ತಿ ಅರಳಿ ಇಲ್ಲ. ಹೆಣ್ಣಾಳೂ ಇಲ್ಲ. ಇಪ್ಪತ್ತನಾಲ್ಕು ಜಿನ್ನು ಸಾಲಾಗಿ ತಿರಗಾಕತ್ತಾವ, ಹಲ್ಲಿಲ್ಲದ ಮುದುಕರು ಸುಮ್ಮನ ಬಾಯಿ ಆಡಿಸಿದಂಗ…

ಬಂದ್ ಮಾಡಲಿ? ಅಲ್ರಿ, ಬಂದ್ ಮಾಡಬ್ಯಾಡ್ರಿ ಅಂತ ಬರದಾವರು ನೀವ. ಗ್ವಾಡಿ ಮ್ಯಾಲ ಹಚ್ಚೇನಿ, ಓದ್ತೀನಿ ಕೇಳ್ರಿ. "ಸೋಮವಾರದಿಂದ ಬೇಸ್ತವಾರದವರೆಗೆ ಮುಂಜಾನೆ ಆರಕ್ಕೆ ಭೋಂಗಾ ಕೂಗತಕ್ಕದ್ದು. ಸಂಜೆ ಆರರವರೆಗೆ, ಊಟದ ಒಂದು ತಾಸು ಬಿಟ್ಟು, ಯಾವ ಕಾರಣಕ್ಕೂ ಇಂಜಿನ್ ನಿಲ್ಲತಕ್ಕದ್ದಲ್ಲ." ಅರಳಿ ಇದ್ದರ ಅಂತ ಇದರಾಗ ಎಲ್ಲೂ ಇಲ್ಲ. ನಾ ಎರಡು ಸಲ ಓದೇನಿ, ಹಿಂದ ಹೊಳ್ಳಿಸಿನೂ ನೋಡೇನಿ…

ಹೌದ್ರಿ, ಇಂಜಿನ್ನಿನ ಎಣ್ಣಿ ಉಳಸಾಕಂತ ಮಾಡಿದ್ದು, ನನಗ ಗೊತ್ತಿಲ್ಲೇನು? ನೀವು ಇಲ್ಲೇ ಹತ್ತಿ ಅಂಡಗಿ ಮ್ಯಾಲ ನಿಂತು ಭಾಷಣಾ ಮಾಡಿದ್ದು ನನಗ ಬಾಯಿಪಾಠ ಆಗೈತಿ. ನಿಮ್ಮ ಧ್ವನಿಯಾಗ ಹೇಳ್ತೀನಿ, ತಪ್ಪಿದರ ತಿದ್ದರಿ. "ಬಂಧುಗಳೇ, ಇದು ಯುದ್ಧದ ಕಾಲ. ಆರು ದಿನದ ಕೆಲಸವನ್ನು ನಾಲ್ಕೇ ದಿನದಲ್ಲಿ ಮಾಡೋಣ. ದಿನಕ್ಕೆ ಹನ್ನೊಂದು ತಾಸು ದುಡಿಯೋಣ. ಮೂರು ದಿನ ವಿಶ್ರಾಂತಿ ಪಡೆಯೋಣ." ಹಾಂ, ನಡುವ ಕೆಮ್ಮೂದು ಮರತೆ. ಆ ದುಡಿಯೋಣದಾಗ ನೀವೂ ಬರ್ತೀರೇನಂತ ಹೆಣ್ಣುಮಕ್ಕಳು ನನ್ನ ಕೇಳಿದ್ರು. ಸಾಹೇಬ್ರು ವಿಶ್ರಾಂತಿ ಪಡೆಯೋಣದಾಗ ಬರ್ತಾರವ್ವಾ ಅಂತ ಹೇಳೇನಿ…

ಸಿಟ್ಟಿಗೇಳಬ್ಯಾಡ್ರಿ. ಕೆಟ್ಟ ವಿಚಾರ ಅಂತ ನಾ ಎಲ್ಲಿ ಅಂದೆ? ಖರೆ ಹೇಳಬೇಕಂದ್ರ ಮಂದಿ ಖುಷಿ ಆಗಿದ್ರು. ಸಾತವ್ವ ಇದ್ದಾಳಲ್ಲ, ಮೂರನೇ ಜಿನ್ನಿನಾಕಿ, ಆಕಿ ಮಗಳನ್ನ ಹುಕ್ಕೇರಿಗೆ ಕೊಟ್ಟು ಆರು ವರ್ಷ ಆತಂತ. ಒಂದ ದಿನದ ಸೂಟಿಯಾಗ ಹೋಗಿ ಬರಾಕ ಆಗೂದಿಲ್ಲಂತ ಒಮ್ಮಿನೂ ಹೋಗಿದ್ದಿಲ್ಲ. ಮೊದಲನೇ ವಾರ ಹೋದ್ಲು. ಎರಡು ರಾತ್ರಿ ಇದ್ದು ಬಂದು, "ಸಣ್ಣ ಸಾಹೇಬ್ರ ಹೊಟ್ಟಿ ತಣ್ಣಗಿರ್ಲಿ" ಅಂದ್ಲು. ನಿಮ್ಮ ಹೊಟ್ಟಿಗೆ ಹರಕಿ ಹೊತ್ತಾಕಿ ಈ ಜಿನ್ನಿನಾಗ ಆಕಿ ಒಬ್ಬಾಕಿನ, ನೆನಪಿಟ್ಟಕೋರಿ…

ಇಲ್ರಿ, ಹನ್ನೊಂದು ತಾಸಿಂದೂ ತಕರಾರ ಇಲ್ಲ ಅಂತೇನಲ್ಲ. ಸಂಜಿ ನಾಕರ ಮ್ಯಾಲ ಕಣ್ಣು ಎಳೀತಾವ, ಬೆರಳು ಜಿನ್ನಿನ ಉರುಳಿ ಹತ್ತರ ಹೋಗ್ತಾವ. ನಾಕ ಅಂದ್ರ ಸ್ವರ್ಗ ಅಂತ ನಾವಿಬ್ಬರೂ ಕಾಲೇಜಿನಾಗ ಸಂಸ್ಕೃತದಾಗ ಓದಿದ್ವಿ. ನಾಕ ದಿನದ ನಾಕದಾಗ ನಡುವ ಒಂದು ರಕಾರ ತೂರಿಕೊಂಡು ನಾರಕ ಆಗೈತಿ. ಆದರೂ ಮಂದಿ ಹೂಂ ಅಂದಿದ್ರು. ಮೂರು ದಿನ ಕೈಯಾಗ ಸಿಗತಾವಲ್ಲ ಅಂತ…

ಮತ್ತ ತೊಂದರಿ ಏನು ಅಂತೀರಿ?… ಸೋಮವಾರ. ತೊಂದರಿ ಅಂದ್ರ ಸೋಮವಾರ… ಹಾಂ? ಸೋಮವಾರ ಏನಾಗೈತಿ ಅಂತ ನನ್ನ ಕೇಳ್ತೀರಿ? ಅಣ್ಣಾಸಾಹೇಬ್ರ, ಹಣಿ ಮ್ಯಾಲ ವಿಭೂತಿ ಹಚ್ಚೀರೋ ಇಲ್ಲೋ ಇವತ್ತು?… ಹಚ್ಚೀರಿ. ಹಂಗಾರ ಹೇಳ್ರಿ, ನಿಮ್ಮ ಸ್ವಂತ ಹೊಲದಾಗ ಸೋಮವಾರ ಯಾರರೆ ಎತ್ತಿನ ಹೆಗಲ ಮ್ಯಾಲ ನೊಗಾ ಇಟ್ಟದ್ದು ನೋಡೀರಿ?…

ನೋಡಿಲ್ಲ, ಅಲ್ಲೇನು? ಮುಂಬಯಿದಾಗ ಎರಡು ವರ್ಷ ಇದ್ದರ ಬಸವಣ್ಣನ ವಾರ ಮರೀತೈತೇನ್ರಿ? ಈ ಸೀಮ್ಯಾಗ ಸೋಮವಾರ ಎತ್ತು ಹೂಡೂದಿಲ್ಲ. ಗಳೇ ಇಲ್ಲ, ಚಕ್ಕಡಿ ಇಲ್ಲ. ವಾರದ ಸೂಟಿ ಅನ್ನೂದು ನಿಮಗಿಂತ ಮೊದಲ ಎತ್ತಿಗೆ ಹೊಳದೈತಿ. ಎತ್ತು ಹೊರಡದ ಅರಳಿ ಹೆಂಗ ಬರಬೇಕು, ರೆಕ್ಕಿ ಹಚ್ಚಿಕೊಂಡು ಬರಬೇಕೋ?…

ಲಾರಿ? ಪೆಟ್ರೋಲು ಎಲ್ಲಿಂದ ತರೂಣು?… ಹಾಂ, ಬರೋಬರಿ ಕೇಳಿದ್ರಿ, ಹಿಂದಿನ ದಿನ ತಂದು ಒಗೀಬೇಕಿತ್ತು. ತಂದಿದ್ರಲ್ಲ. ಮೊನ್ನಿ ಐತವಾರ ಮೂಡಲಗಿ, ತುಕ್ಕಾನಟ್ಟಿ ಕಡಿಯಿಂದ ಹತ್ತೊಂಬತ್ತು ಚಕ್ಕಡಿ ಬಂದು ನಿಂತಿದ್ದೂ. ನಮ್ಮ ಕಾವಲುಗಾರ ಲಕ್ಕಪ್ಪ ಬಾಗಲಾ ತಗೀಲಿಲ್ಲ. ಯಾಕಂದ್ರ ನಿಮ್ಮ ಎರಡನೇ ಹುಕುಮು, "ಮೂರು ಸೂಟಿಯ ದಿನ ಬಾಗಿಲು ತೆಗೆದವನ ಕೆಲಸ ಹೋಗುವುದು." ಅಂವ ಕೋಲು ಹಿಡಕೊಂಡು ನಿಂತು ಏನಂದಾ ಗೊತ್ತೈತೇನು? "ಏಳ್ರಿ, ಎಲ್ಲಾರೂ ವಿಶ್ರಾಂತಿ ತಗೋರಿ. ಸಾಹೇಬ್ರು ಹೇಳ್ಯಾರ." ಮೂಗಿನಾಗ ಮಾತಾಡ್ತಾನ, ನಿಮಗ ಗೊತ್ತಲ್ಲ, "ವಿಶ್‌ರಾಂಥಿ" ಅಂತ. ಮಧ್ಯಾಹ್ನದ ತನಕಾ ಕಾದು, ಮಂದಿ ಚಕ್ಕಡಿ ಹೊಳ್ಳಿಸಿಕೊಂಡು ಹೊಳಿ ಆಚೆ ಜಿನ್ನಿಗೆ ಹೋದ್ರು. ಅಲ್ಲಿ ವಾರಕ್ಕ ಆರು ದಿನಾ. ಅವರಿಗೆ ಇನ್ನೂ ವಿದ್ಯಾ ಹತ್ತಿಲ್ಲ…

ಇವತ್ತು ಮಂಗಳವಾರ, ಇವತ್ತರೆ ಬರಬೇಕಿತ್ತು ಅಂತೀರಿ. ಸಂತಿ ಅಲ್ಲೇನ್ರಿ ಇವತ್ತು? ಸಂತಿ ದಿನಾ ಜಿನ್ನಿಗೆ ಯಾರು ಬರ್ತಾರ? ಇದ ಜಿನ್ನು ಹಾಕಿದಾಗಿಂದ ನಿಮ್ಮ ತಂದಿಯವರು ಸಂತಿ ದಿನಾನ ಸೂಟಿ ಕೊಟ್ಟಿದ್ರು. ಸೋಮವಾರ ಹೋತು, ಮಂಗಳವಾರ ಹೋತು. ನಾಕ ದಿನದಾಗ ಉಳದದ್ದು ಬುಧವಾರ, ಬೇಸ್ತವಾರ. ನೀವು ಜಗತ್ತಿನಾಗ ಮೊದಲನೇ ಎರಡು ದಿನದ ಜಿನ್ನು ನಡಸಾಕತ್ತೀರಿ. ಪೇಪರಿಗೆ ಕೊಡ್ರಿ, ಫೋಟೋ ಹಾಕ್ತಾರ…

ನಗಾಕತ್ತಿಲ್ರಿ. ಇದು ಕೆಮ್ಮು. ನಿಮ್ಮ ಕೆಮ್ಮ ನನಗ ಹತ್ತೈತಿ…

ಹೂಂ. ಬಾಳವ್ವ. ಬಂದೆ, ಅದಕ್ಕ ಬಂದೆ… ಯಾರು ಅಂದ್ರ? ನಿಮಗ ಹೆಸರಷ್ಟ ಗೊತ್ತು, ಅಲ್ಲೇನು? ಒಂದನೇ ಜಿನ್ನಿನಾಕಿ. ಹನ್ನೆರಡು ವರ್ಷ ಆತು. ದೂರ ನಿಂತು ಸಪ್ಪಳಾ ಕೇಳಿ ಯಾವ ಜಿನ್ನಿನ ಅಲಗು ಸರದೈತಿ, ಯಾವುದು ಹತ್ತಿಕಾಳು ಒಡ್ಯಾಕತ್ತೈತಿ ಅಂತ ಹೇಳ್ತಾಳ. ಮಿಸ್ತ್ರಿ ಬಂದು ಬಿಚ್ಚಿ ನೋಡಿದರ ಅದ ಇರ್ತೈತಿ. ಗಂಡ ಮೂರು ವರ್ಷದಿಂದ ಹಾಸಿಗಿ ಹಿಡದಾನ. ಆ ಮನಿ ನಡಿಯೂದು ಈ ಪುಸ್ತಕದಾಗಿನ ಒಂದು ಹೆಸರಿನ ಮ್ಯಾಲ. ನೀವು ಅಂಡಗಿ ಇಳದ ದಿನಾ ಈ ಆಫೀಸಿಗೆ ಬಂದು ಏನಂದಿದ್ಲು ಹೇಳ್ಲಿ? "ಯಪ್ಪಾ, ನಾಕ ದಿನ ಅಗದಿ ಚಲೋ. ಆದರ ಸೋಮಾರ ಬಿಟ್ಟು ಮಾಡಂತ ಹೇಳು ಸಣ್ಣ ಧಣಿಗೆ." ನಾ ಅದನ್ನ ಕಾಗದದಾಗ ಬರದು ಕಳಿಸಿದ್ನಿ…

ಮುಟ್ಟಿಲ್ಲ? ಮುಟ್ಟೈತ್ರಿ. ಉತ್ತರಾ ನೀವ ಬರದೀರಿ. "ಹೆಂಗಸರು ಕಾರ್ಖಾನೆಯ ಕಾನೂನು ಮಾಡುವುದಿಲ್ಲ." ಅಕ್ಷರ ಭಾಳ ಚೆಂದ ಅದಾವ ನಿಮ್ಮವು…

ಗೈರಹಾಜರಿ, ಹೌದು. ನಿನ್ನಿ ಬರಲಿಲ್ಲ. ಹನ್ನೊಂದು ಮಂದಿನ ಕರಕೊಂಡು ತುಕ್ಕಾನಟ್ಟಿಗೆ ಅರಳಿ ಬಿಡಸಾಕ ಹೋದ್ಲು… ತಡೀರಿ, ಕೇಳ್ರಿಲ್ಲಿ. ಮೊದಲನೇ ಸೋಮವಾರ ಬಂದಿದ್ಲು. ಹನ್ನೊಂದು ತಾಸು ಖಾಲಿ ಜಿನ್ನಿನ ಮುಂದ ಕುಂತ್ಲು. ಎರಡನೇ ಸೋಮವಾರನೂ ಕುಂತ್ಲು. ಇಲ್ಲಿ ಪಗಾರ ತೂಕದ ಮ್ಯಾಲ, ಅರಳಿ ಇಲ್ಲಂದ್ರ ತೂಕ ಇಲ್ಲ. ಮೂರನೇ ಸೋಮವಾರ ಹೊಲಕ್ಕ ಹೋದ್ಲು. ಇದರಾಗ ಬಂಡಾಯ ಎಲ್ಲಿ ಕಂಡಿತ್ರಿ ನಿಮಗ?…

ಹಾಂ? ಸೋಮವಾರ ಪವಿತ್ರ ಇದ್ದರ ಆಕಿ ಹೊಲಕ್ಕ ಹೆಂಗ ಹೋದ್ಲು? ಭಾರಿ ತರ್ಕಾ ತಗದ್ರಿ, ವಕೀಲರಾಗಬೇಕಿತ್ತು. ಸೂಟಿ ಎತ್ತಿಗ್ರಿ, ಬಾಳವ್ವಗಲ್ಲ. ಎತ್ತು ದಣದೈತಿ ಅಂದ್ರ ಊರಿಗೆ ಊರ ನಂಬತೈತಿ…

ಶಿಸ್ತು. ಹೂಂ, ಶಿಸ್ತು. ಒಂದ ಹೆಸರು ತಗದರ ಉಳದ ಹನ್ನೊಂದು ಮಂದಿ ಅಂಜತಾರ, ಅದ ಅಲ್ಲೇನು ಲೆಕ್ಕಾಚಾರ?… ಅಣ್ಣಾಸಾಹೇಬ್ರ, ಒಂದ ಮಾತು. ಕಾಲೇಜಿನಾಗ ಸೋಮವಾರ ಮುಂಜಾನಿ ತಾಸಿಗೆ ನೀವು ಎಷ್ಟು ಸಲ ಬಂದೀರಿ? ನಿಮ್ಮ ಹೆಸರು ಕೂಗಿದಾಗ ನಿಮ್ಮ ಧ್ವನಿಯಾಗ "ಪ್ರೆಸೆಂಟ್ ಸರ್" ಅಂದಾಂವ ಯಾರು? ನಾಕ ವರ್ಷ ಅಂದೇನಿ. ಕೆಮ್ಮ ಸಹಿತ ಅಂದೇನಿ. ಒಬ್ಬ ಪ್ರೊಫೆಸರನೂ ಗೀಟು ಎಳದು ನಿಮ್ಮ ಹೆಸರಿಗೆ ಕಾಟ ಹೊಡೀಲಿಲ್ಲ…

ಅದು ಬ್ಯಾರೆ, ಇದು ಬ್ಯಾರೆ. ಹೌದ್ರಿ, ಬ್ಯಾರೆನ. ಅಲ್ಲಿ ನೀವು ಬರದಿದ್ದರ ಯಾರ ಒಲಿನೂ ಆರತಿದ್ದಿಲ್ಲ…

ನನ್ನ ಹೆಸರೂ ತಗೀತೀರಿ? ತಗೀರಿ. ನನಗೇನು, ನಾಟಕ ಕಂಪನಿ ಸೇರ್ತೀನಿ. ನಿಮ್ಮ ಪಾತ್ರನ ಮಾಡ್ತೀನಿ, ಅಂಡಗಿ ಒಂದು ಕೊಟ್ಟರ ಸಾಕು… ಇಲ್ಲ, ಇಲ್ಲ, ಇಡಬ್ಯಾಡ್ರಿ. ಇಡಬ್ಯಾಡ್ರಿ. ತಪ್ಪಾತು. ಮಾತು ಬಿಡ್ರಿ, ಒಂದ ಮಿನಿಟ ಕೇಳ್ರಿ…

ನಿನ್ನಿ ಸಂಜಿ ಗೈರಹಾಜರಿ ತಾರು ಕಳಿಸಿದಾಂವ ನಾನ. ಹುಕುಮ್ ಇತ್ತು, ಹನ್ನೆರಡು ಹೆಸರು ಬರದು ಕಳಿಸಿದೆ. ಒಂದನೇ ಜಿನ್ನು ಅಂತ ಬಾಳವ್ವನ ಹೆಸರು ಮೊದಲ ಬರದೆ. ಮೊದಲ ಇದ್ದದ್ದಕ್ಕ ನೀವು ಅದನ್ನ ಆರಸ್ಕೊಂಡ್ರಿ, ಹೌದಲ್ರಿ? ಬ್ಯಾರೆ ಕಾರಣ ಏನಿತ್ತು?… ಹೂಂ. ನನಗ ಅನಿಸಿತ್ತು…

ಹಾಂ, ಯಾರದು?… ಸಾಹೇಬ್ರ, ಎಕ್ಸಚೇಂಜಿನಾಂವ ನಡುವ ಬಂದಾನ, ಮೂರು ಮಿನಿಟ ಆದೂವಂತ. ಇನ್ನ ಮೂರು ಮಿನಿಟ ಕೊಡು ಅಂತ ಅವಂಗ ಹೇಳ್ರಿ, ನೀವ ಹೇಳಬೇಕು… ಹೇಳಿದ್ರ್ಯಾ?…

ಒಂದ ಕ್ಷಣ ತಡೀರಿ. ಬಾಗಲದಾಗ ಬಂದು ನಿಂತಾಳ… ಬಾಳವ್ವ. ಸಂತಿ ಚೀಲ ಕೈಯಾಗ ಐತಿ… ಬಾರವ್ವಾ, ಒಳಗ ಬಾ. ಬೆಳಗಾವಿಯಿಂದ ಸಾಹೇಬ್ರು ಮಾತಾಡಾಕತ್ತಾರ. ಏನು? ಹಾಂ, ಹಾಂ, ಕೇಳ್ತೀನಿ, ಅದನ್ನ ಕೇಳಾಕತ್ತೇನಿ…

ಅಣ್ಣಾಸಾಹೇಬ್ರ, ನಾಳಿ ಬರಲ್ಯೋ ಬ್ಯಾಡೋ ಅಂತ ಕೇಳಾಕ ಬಂದಾಳ. ಆಕಿಗೆ ಇನ್ನೂ ಏನೂ ಗೊತ್ತಿಲ್ಲ. ನೀವ ಹೇಳ್ರಿ. ನಾ ಇದನ್ನ ಆಕಿ ಕಿವಿಗೆ ಹಿಡೀತೀನಿ… ಯಾಕ? ಮೂರ ಶಬ್ದ ಅಲ್ಲೇನ್ರಿ, ತಾರಿನಾಗ ಬರದದ್ದನ್ನ ಬಾಯಿಲೆ ಹೇಳಾಕ ಏನಾತು?… ಆಕಿ ಜೋಡಿ ಮಾತಾಡೂದಿಲ್ಲ? ನಾ ಹೇಳಬೇಕು?…

ಅಣ್ಣ್ಯಾ. ಕೇಳೋ. ಕಾರಕೂನ ಅಲ್ಲ, ನಾ ಗುರ್‌ಲಿಂಗ ಹೇಳಾಕತ್ತೇನಿ. ನಾಕ ದಿನ ನಡಸು, ಯಾರು ಬ್ಯಾಡಂದ್ರು? ಬುಧವಾರದಿಂದ ಶನಿವಾರ ನಡಸು. ಐತವಾರ ಬರೇ ಬಾಗಲಾ ತಗದು ಚಕ್ಕಡಿ ಒಳಗ ತಗೋ. ಎಣ್ಣಿನೂ ಉಳೀತೈತಿ, ಸಾತವ್ವ ಮಗಳ ಮನಿಗೂ ಹೋಗ್ತಾಳ, ನಿನ್ನ ಮಾತೂ ಉಳೀತೈತಿ. ನಿಮ್ಮಪ್ಪಗ ನೀನ ಹೇಳು, ಇದು ನಿನ್ನ ವಿಚಾರ ಅಂತ, ನಾ ಬಾಯಿ ತಗಿಯೂದಿಲ್ಲ. ಆದರ ಈ ಹೆಸರಿಗೆ ಕಾಟ ಹೊಡಿ ಅಂತ ನನಗ ಹೇಳಬ್ಯಾಡ. ಆಕಿ ಎದರಿಗೆ ನಿಂತಾಳೋ. ನನ್ನ ಮುಖಾ ನೋಡಾಕತ್ತಾಳ. ಹೂಂ ಅನ್ನು. ಒಂದ ಶಬ್ದ. ಅನ್ನು…

ಹಲೋ?… ಅಣ್ಣ್ಯಾ?… ಹಲೋ, ಹಲೋ… ಎಕ್ಸಚೇಂಜ್, ಯಾಕ್ರಿ, ಲೈನು ಕಟ್ಟಾತೇನು?… ಹಲೋ…

…

ಹಾಂ. ಹಾಂ, ಕೇಳಸಾಕತ್ತೈತ್ರಿ ಸಾಹೇಬ್ರ. ಈಗ ಚೊಲೋ ಕೇಳಸ್ತೈತಿ, ಗರಗರ ಸಪ್ಪಳಾ ಸಹಿತ ಇಲ್ಲ, ನಿಮ್ಮ ಕೆಮ್ಮೂ ಇಲ್ಲ, ಏನಂದ್ರ ಏನೂ ಇಲ್ಲ… ಏನಂದ್ರಿ? ನಾಳಿ ಬರ್ಲಿ?… ಹನ್ನೆರಡೂ ಮಂದಿ ಬರ್ಲಿ?… ಆತ್ರಿ. ಸೋಮವಾರ ಬ್ಯಾಡ, ಐತವಾರ ಲಕ್ಕಪ್ಪ ಬಾಗಲಾ ತಗೀಲಿ. ಬರಕೊಂಡೇನ್ರಿ, ನಿಮ್ಮ ಹೆಸರಿಲೆ ನೋಟೀಸು ಹಚ್ಚತೀನಿ. ನಾಳಿ ಟಪಾಲಿನಾಗ ನಕಲು ದೊಡ್ಡ ಧಣ್ಯಾರಿಗೂ ಕಳಸ್ತೀನಿ…

ಬ್ಯಾಡವ್ವಾ, ಬಾಳವ್ವಾ, ಕೈ ಚಾಚಬ್ಯಾಡ. ನಿನಗ ಕೊಡಾಕ ಬರೂದಿಲ್ಲ, ಸಾಹೇಬ್ರು ಇನ್ನೂ ಮಾತಾಡಾಕತ್ತಾರ…