ಮೆಟ್ಟಿಲ ತಿರುವಿನಲ್ಲಿ ತಮ್ಮ ಆಡಿದ ಮಾತು

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ನಾನು, ವಯಸ್ಸು ನಲವತ್ತೊಂದು, ಕಸುಬು ಹೊಲಿಗೆ, ವಾಸ ದೊಡ್ಡಾಸ್ಪತ್ರೆಯ ಹಿಂದಿನ ಬೀದಿಯಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿ, ಠಾಣೆಯಲ್ಲಿ ಸಾಹೇಬರ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಮ್ಮ ಮತ್ತು ಅವನ ಹೆಂಡತಿ ನನ್ನ ಜೊತೆಯಲ್ಲೇ ಇರುತ್ತಾರೆ. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತು ಬಾರದು. ತಮ್ಮ ಶಾಲೆಯ ಮುಖ ಕಂಡವನಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ನಾನು. ನಾವಿಬ್ಬರೂ ಸೇರಿ ಕಟ್ಟಿಕೊಂಡ ಒಂದು ಕೈಮಾತು ನಮ್ಮ ಮನೆಯಲ್ಲಿದೆ. ಹಲ್ಲಿನಿಂದ ದಾರ ಕಡಿದಂತೆ ಮಾಡಿ ತೋರಿಸಿದರೆ ಅಕ್ಕ ಎಂದರ್ಥ, ಅಂದರೆ ನಾನು. ಮದುವೆಯಾಗಿ ಬಂದ ಹುಡುಗಿ ಚುರುಕು, ಎರಡೇ ತಿಂಗಳಲ್ಲಿ ಅದನ್ನು ಕಲಿತಳು. ನಮ್ಮ ಮೂವರನ್ನು ಬಿಟ್ಟರೆ ಅದು ಇನ್ನಾರಿಗೂ ತಿಳಿಯುವುದಿಲ್ಲ.

ತಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಗೆದ ಹಾಸುಬಟ್ಟೆ ಮಡಚುವ ಕೆಲಸ ಮಾಡುತ್ತಾನೆ. ಈ ವರ್ಷ ಅಲ್ಲಿಗೆ ಹೊಸ ಕ್ಯಾಮೆರಾಗಳು ಬಂದಿವೆ. ಯಾರೂ ಕೂತು ನೋಡಬೇಕಾಗಿಲ್ಲ, ಕಂಪ್ಯೂಟರೇ ನೋಡುತ್ತದೆ, ಹೊಡೆದಾಟ ಕಂಡರೆ ತಾನೇ ಗಂಟೆ ಬಾರಿಸುತ್ತದೆ ಎಂದು ಸೆಕ್ಯುರಿಟಿ ಮೇಲ್ವಿಚಾರಕರು ಹೆಮ್ಮೆಯಿಂದ ಹೇಳಿದ್ದರು. ಒಳ್ಳೇದೇ ಆಯ್ತು ಬಿಡಿ, ಇನ್ನು ನಿಮ್ಮ ನಿದ್ದೆಗೆ ಯಾರ ಕಾಟವೂ ಇಲ್ಲ ಎಂದು ನಾನು ತಮಾಷೆ ಮಾಡಿದ್ದೆ.

ದಿನವೂ ಮಧ್ಯಾಹ್ನ ಹುಡುಗಿ ಊಟದ ಡಬ್ಬಿ ಒಯ್ಯುತ್ತಾಳೆ. ಇಬ್ಬರೂ ಲಾಂಡ್ರಿಯ ಹಿಂದಿನ ಮೆಟ್ಟಿಲ ತಿರುವಿನಲ್ಲಿ ಕುಳಿತು ಉಣ್ಣುತ್ತಾರೆ. ಗಾಳಿ ಇಲ್ಲ ಬೆಳಕಿಲ್ಲ, ಅದೇನು ಅಂಥ ಅರಮನೆ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ನಮ್ಮ ಮನೆ ಎಂದರೆ ಒಂದು ಕೋಣೆ, ಅದರ ನಡುವೆ ನನ್ನ ಮಿಷನ್ನು, ಮಿಷನ್ನಿನ ಮುಂದೆ ಹಗಲೆಲ್ಲ ನಾನು.

13ನೇ ತಾರೀಖು ಮಂಗಳವಾರ ಮಧ್ಯಾಹ್ನ ಸುಮಾರು 1.20ಕ್ಕೆ, ಹೆಂಗಸಿನ ಮೇಲೆ ಹಲ್ಲೆ ಎಂದು ಕಂಪ್ಯೂಟರ್ ಗಂಟೆ ಬಾರಿಸಿದೆ. ಇಬ್ಬರು ಸೆಕ್ಯುರಿಟಿಯವರು ಓಡಿಹೋಗಿ ತಮ್ಮನ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದಿದ್ದಾರೆ. ಅವನ ಕೈ ಹಿಡಿಯುವುದೂ ಒಂದೇ, ಬಾಯಿಗೆ ಬಟ್ಟೆ ತುರುಕುವುದೂ ಒಂದೇ. ಹುಡುಗಿ ಒಬ್ಬನ ಮುಖ ಪರಚಿದ್ದು ನಿಜ, ಇಲ್ಲವೆನ್ನುವುದಿಲ್ಲ. ಸಂಜೆಯೊಳಗೆ ಆ ವಿಡಿಯೊ ಲಾಂಡ್ರಿಯವರೆಲ್ಲರ ಮೊಬೈಲಿಗೆ ಹೋಗಿದೆ. ಮೂಗ ತನ್ನ ಹೆಂಡತಿಯ ಉಸಿರು ಕಟ್ಟಿಸಲು ನೋಡಿದ ಎಂದು ಮಾತಾಗಿದೆ. ಆಸ್ಪತ್ರೆಯವರು ಠಾಣೆಗೆ ದೂರು ಕೊಟ್ಟು, ಕೇಸು ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದೂ ಹೇಳಿದ್ದಾರೆ.

ಈ ದಿನ ಬೆಳಿಗ್ಗೆ ತಾವು ಅವರಿಬ್ಬರ ಜೊತೆ ನನ್ನನ್ನೂ ಕರೆಸಿದಿರಿ. ಹೆಂಗಸಿನ ಬಾಯಿಯ ಮೇಲೆ ಕೈ ಒತ್ತಿದ್ದು ಕಣ್ಣಿಗೆ ಕಾಣುತ್ತಿದೆ, ಅವರ ಮಾತನ್ನು ಬಿಡಿಸಿ ಹೇಳಿ, ಸರಿಯೆನಿಸಿದರೆ ಮನೆಗೆ ಕಳಿಸುತ್ತೇವೆ, ಇಲ್ಲವಾದರೆ ಕೇಸು ಹಾಕಬೇಕಾಗುತ್ತದೆ ಎಂದಿರಿ. ಅದಕ್ಕೇನಂತೆ ಸಾರ್, ಅವನಿಗೆ ನಾನೇ ಅಲ್ವಾ ಬಾಯಿ ಎಂದು ಹೇಳಿ ನಾನು ಕುರ್ಚಿ ಎಳೆದುಕೊಂಡು ಕೂತೆ. ತಾವು ವಿಡಿಯೊ ಹಾಕಿದಿರಿ.

ನನ್ನ ತಮ್ಮ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮನೆಯಲ್ಲಿ ಅವನ ಕೈ ಬೇಕು, ಬೇಡ, ಆಯಿತು ಎನ್ನುತ್ತದೆ, ಅಷ್ಟೇ. ವಿಡಿಯೊದಲ್ಲಿ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು ತಮ್ಮ ಬೆಂಚಿನಿಂದ ಎದ್ದು ಬಂದು, ಆಟ ಆಡಿದ್ದು ಎಂದು ಹೇಳಿಬಿಡು ಎಂದು ನನಗೆ ಕೈಮಾತಿನಲ್ಲಿ ಎರಡು ಸಲ ಹೇಳಿದ. ಆಟವಾಡಿದ್ದಲ್ಲ. ಆಟ ಎಂದು ಸುಳ್ಳು ಹೇಳಿದರೆ, ಬಾಯಿಯ ಮೇಲಿಟ್ಟ ಆ ಕೈಗೆ ತಾವು ನಂಬುವಂಥ ಅರ್ಥ ನಾನು ತೋರಿಸಲಾರೆ. ಆದ್ದರಿಂದ ಇದ್ದದ್ದನ್ನೇ ಹೇಳಿದೆ.

ಹುಡುಗಿ ಕೇಳಿರುವುದು, ಬೇರೆ ರೂಮು ನೋಡಿ ಎರಡು ತಿಂಗಳಾಯಿತು, ಅಕ್ಕನಿಗೆ ಯಾವಾಗ ಹೇಳುತ್ತೀಯ ಎಂದು. ತಮ್ಮ ಹೇಳಿರುವುದು, ಡಾಕ್ಟರು ನನ್ನ ಹೊಟ್ಟೆನೋವು ಕೇಳಿದರೂ ಉತ್ತರ ಅಕ್ಕನದು. ನಿನ್ನನ್ನು ನೋಡಲು ಬಂದ ದಿನ ನಾನು ಕೇಳು ಎಂದದ್ದು ಒಂದು, ಅವಳು ಕೇಳಿದ್ದು ಇನ್ನೊಂದು. ಹೀಗೆ ನಿನ್ನ ಬಾಯಿ ಮುಚ್ಚಿದ್ದಾಳೆ ಎಂದು ಅಂಗೈಯನ್ನು ಹುಡುಗಿಯ ಬಾಯಿಯ ಮೇಲಿಟ್ಟ. ಹೀಗೆ ನನ್ನದೂ ಎಂದು ತನ್ನ ಬಾಯಿಯ ಮೇಲಿಟ್ಟುಕೊಂಡ. ಕಂಪ್ಯೂಟರ್ ಗಂಟೆ ಬಾರಿಸಿದ್ದು ಅದರಲ್ಲಿ ಮೊದಲನೆಯದಕ್ಕೆ. ಆಮೇಲೆ, ಆದರೆ ನಾವು ಹೊರಟುಹೋದರೆ ಅವಳು ಯಾರ ಜೊತೆ ಕೂತು ಊಟ ಮಾಡುತ್ತಾಳೆ ಎಂದ. ಹುಡುಗಿ ಉತ್ತರ ಕೊಡಲು ಕೈ ಎತ್ತಿದ್ದಳು. ಅಷ್ಟರಲ್ಲಿ ಸೆಕ್ಯುರಿಟಿಯವರು ಬಂದರು.

ನಾನು ಇದನ್ನು ಹೇಳುವಾಗ ತಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದ. ನನ್ನ ತುಟಿ ಅವನಿಗೆ ಓದಲು ಬರುತ್ತದೆ. ಅರ್ಧಕ್ಕೇ ತಲೆ ತಗ್ಗಿಸಿದ. ಇದನ್ನೂ ಬರೆಯಬೇಕೇ ಎಂದು ಪೇದೆಯವರು ಕೇಳಿದರು, ಬರೀರಿ ಎಂದೆ.

ಆ ವಿಡಿಯೊವನ್ನು ಆಸ್ಪತ್ರೆಯ ಕಂಪ್ಯೂಟರಿನಿಂದಲೂ ಎಲ್ಲರ ಮೊಬೈಲಿನಿಂದಲೂ ಅಳಿಸಬೇಕು, ತಮ್ಮನನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ. ನೋಡಿದ ಬೇರೆ ಯಾರಿಗೂ ಅದು ಅರ್ಥವಾಗಿಲ್ಲ ತಾನೇ ಎಂದು ತಾವು ಸಮಾಧಾನ ಹೇಳಿದಿರಿ. ಅರ್ಥವಾಗುವವಳು ಲೋಕದಲ್ಲಿ ಒಬ್ಬಳೇ ಇದ್ದಳು, ಅವಳನ್ನೇ ಕರೆಸಿ ತೋರಿಸಿದಿರಿ.

ಈ ಹೇಳಿಕೆಯನ್ನು ಅವರಿಬ್ಬರಿಗೂ ತಿಳಿಸಿ ಹೆಬ್ಬೆಟ್ಟು ಹಾಕಿಸಲು ತಾವು ನನಗೇ ಹೇಳಿದಿರಿ. ನಾನು ಒಪ್ಪಿಲ್ಲ. ಕಿವುಡರ ಶಾಲೆಯ ಟೀಚರನ್ನು ಕರೆಸಿ. ಅವರಿಗೆ ನಮ್ಮ ಮನೆಯ ಕೈಮಾತು ಬಾರದು, ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಅಷ್ಟು ಹೊತ್ತು ನಾನು ರಸ್ತೆಯ ಕಡೆಯ ಬೆಂಚಿನಲ್ಲಿ ಕೂತಿರುತ್ತೇನೆ. ಅವನ ಕೈ ಕಣ್ಣಿಗೆ ಬಿದ್ದರೆ ಓದದೆ ಇರಲು ನನ್ನಿಂದ ಆಗುವುದಿಲ್ಲ.

ಮೇಲಿನದೆಲ್ಲ ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ಸರಿಯಿದೆ. ಅದರಲ್ಲಿ ತಮ್ಮನ ಮಾತು ಇರುವ ಭಾಗವೂ ಸತ್ಯ, ಆದರೆ ಅದನ್ನು ಅವನು ನನಗೆ ಹೇಳಿದ್ದಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಬುಧವಾರ
ಸಹಿ: (ಟೈಲರಕ್ಕ)