ಹೊರಗಿಂದ ಒಳಕ್ಕೆ ಗುಡಿಸಿದವಳು

ಹೂಂ ಅನ್ನೋರು ಇದ್ದೀರಾ? ಇದ್ರೆ ಕತೆ ನಿಮಗೆ, ಇಲ್ಲದಿದ್ರೆ ಈ ಕಂಬಕ್ಕೆ. ಹಾಂ, ಅಂದ್ರಿ. ಹಂಗಾದ್ರೆ ಹತ್ತಿರ ಬನ್ನಿ. ಬಾಗಿಲಿಗೆ ಬೆನ್ನು ಕೊಟ್ಟು ಯಾರೂ ಕೂರಬೇಡಿ. ಇದು ಅಂಥ ಕತೆ.

ಏಳು ಕೆರೆ ಆಚೆ, ಎಂಟು ಹಳ್ಳದ ಈಚೆ ಒಂದೂರಂತೆ. ಊರಿಗೊಂದು ಹೆಸರೂ ಇತ್ತು. ನಮ್ಮಜ್ಜಿ ಅದನ್ನ ಮರೆತಿದ್ಲು, ನಾನು ಕೇಳಲಿಲ್ಲ. ಆ ಊರಲ್ಲಿ ಬೆಟ್ಟೇಗೌಡ ಅಂತ ಒಬ್ಬ, ಅವನ ಹೆಂಡತಿ ಚೆನ್ನಾಜಮ್ಮ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದ ಚೆನ್ನಾಜಿ ಐದು ತಿಂಗಳ ಕೂಸು ಎತ್ತಿಕೊಂಡು ಗಂಡನ ಮನೆಗೆ ಬಂದ್ಲು. ಬಂದು ನೋಡ್ತಾಳೆ, ಏನಂತ ಹೇಳಲಿ! ಗಂಡಸೊಬ್ಬನೇ ಇದ್ದ ಮನೆ. ಸೂರಿನ ತುಂಬ ಜೇಡರ ಬಲೆ. ಗೋಡೆ ತುಂಬ ಹೊಗೆ. ಅಂಗಳದಲ್ಲಿ ಸೊಂಟದುದ್ದ ಕಳೆ, ಬೇಲಿ ಮೂಲೇಲಿ ಒಡಕು ಮಡಕೆ, ಮುರುಕು ಮೊರ, ಸವೆದ ಪೊರಕೆ.

"ಇದೇನು ಮನೇನಾ, ಹಾಳು ಮಂಟಪಾನಾ?" ಅಂದ್ಲು.

"ನೀನಿಲ್ಲದೆ ನನಗೆ ಮನೆ ಯಾಕೆ ಬೇಕಿತ್ತು?" ಅಂದ ಬೆಟ್ಟೇಗೌಡ. ಮಾತು ಕೇಳಿ, ಮಾತು! ಪೊರಕೆ ಹಿಡಿಯೋಕೆ ಬರದಿದ್ರೂ ಮಾತಿಗೇನೂ ಕಮ್ಮಿ ಇರಲಿಲ್ಲ. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟ: "ನಾಲ್ಕು ದಿನಕ್ಕೆ ಅಣ್ಣ ಅತ್ತಿಗೆ ಕೂಸು ನೋಡೋಕೆ ಬರ್ತಾರೆ. ನಾನು ಹೋಗಿ ಕರಕೊಂಡು ಬರ್ತೀನಿ." ಅಂದವನೇ ಗಾಡಿ ಕಟ್ಟಿಕೊಂಡು ಹೊರಟೇ ಹೋದ.

ಅತ್ತಿಗೆ ಅಂದ್ರೆ ಯಾರು? ಚೆನ್ನಾಜಿಯ ವಾರಗಿತ್ತಿ ದ್ಯಾವಮ್ಮ. ಬೆಳ್ಳಗಿರೋ ಹಾಲಲ್ಲೂ ಕಪ್ಪು ಹುಡುಕೋಳು. ಹೋದ ಸಲ ಬಂದಾಗ ಕಿಟಕಿ ಮೇಲೆ ಬೆರಳಾಡಿಸಿ, ಧೂಳು ತೋರಿಸಿ, "ನಮ್ಮ ಚೆನ್ನಾಜಿಗೆ ಮನೆ ಇಟ್ಟುಕೊಳ್ಳೋಕೆ ಬರಲ್ಲ" ಅಂತ ನಾಲ್ಕು ಜನರ ಮುಂದೆ ಅಂದಿದ್ಲು. ಆ ಮಾತು ಇವಳ ಹೊಟ್ಟೇಲಿ ಮುಳ್ಳಾಗಿ ಕೂತಿತ್ತು.

ಈಗ ಕೇಳಿ. ದಿನಾ ಕಸ ಗುಡಿಸೋವಾಗ ನಿಮ್ಮಮ್ಮ ಎಲ್ಲಿಂದ ಶುರು ಮಾಡ್ತಾಳೆ? ಒಳಕೋಣೆಯಿಂದ. ಒಳಗಿಂದ ನಡುಮನೆ, ನಡುಮನೆಯಿಂದ ಜಗುಲಿ, ಜಗುಲಿಯಿಂದ ಬೀದಿ. ಚೆನ್ನಾಜಿಗೂ ಅದು ಗೊತ್ತಿತ್ತು. ಆದ್ರೆ ಅವತ್ತು ಏನಂದುಕೊಂಡ್ಲು? "ಬರೋರಿಗೆ ಮೊದಲು ಕಾಣೋದು ಅಂಗಳ. ಅಲ್ಲಿಂದಲೇ ಶುರು ಮಾಡ್ತೀನಿ. ಹೊತ್ತು ಸಾಲದೆ ಹೋದ್ರೆ ಒಳಕೋಣೆ ಯಾರು ನೋಡ್ತಾರೆ?" ಅಂದುಕೊಂಡ್ಲು. ಮೇಲೆ ತಳುಕು, ಒಳಗೆ ಹುಳುಕು ಅಂತಾರಲ್ಲ, ಹಂಗೆ.

ಮೊದಲನೇ ದಿನ. ಅಂಗಳದ ಕಳೆ ಕಿತ್ತಳು. ಬೇಲಿ ಮೂಲೆಯ ಒಡಕು ಮುರುಕೆಲ್ಲ ಹೊತ್ತು ಊರಾಚೆ ಎಸೆದು ಬಂದ್ಲು. ಪಾತಿ ಮಾಡಿ ಕನಕಾಂಬರ ನೆಟ್ಟಳು, ಬೇಲಿ ಉದ್ದಕ್ಕೂ ದಾಸವಾಳದ ಕಡ್ಡಿ ಚುಚ್ಚಿದ್ಲು. ಸಗಣಿ ನೀರು ಹಾಕಿ ಅಂಗಳ ಸಾರಿಸಿ, ಅಗಲವಾಗಿ ರಂಗೋಲಿ ಬಿಟ್ಟಳು. ಮಟಮಟ ಮಧ್ಯಾಹ್ನ. ಬೀದೀಲಿ ನರಪಿಳ್ಳೆ ಇಲ್ಲ. ಆಗ ಅವಳ ಬೆನ್ನ ಹಿಂದೆ 'ಸರ್' ಅಂತ ಏನೋ ಜರುಗಿತು. ತಿರುಗಿ ನೋಡಿದ್ರೆ ಏನೂ ಇಲ್ಲ. ಜಗುಲಿ ಮೇಲಿನ ಧೂಳು ಮಾತ್ರ ಅಲ್ಲಾಡ್ತಿತ್ತು.

ಅವತ್ತು ಕೂಸು ಅಳಲಿಲ್ಲ. ಇವಳು ಏನಂದ್ಲು? "ಜಾಣ ಕೂಸು" ಅಂದ್ಲು.

ಎರಡನೇ ದಿನ. ಜಗುಲಿ ಆಯ್ತು, ನಡುಮನೆ ಆಯ್ತು. ಬಲೆ ತೆಗೆದ್ಲು, ಗೋಡೆಗೆ ಸುಣ್ಣ ಬಳಿದ್ಲು, ಗೋಡೆ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದ್ಲು. ಬಾಗಿಲಿಂದ ಸಾರಿಸಿಕೊಳ್ತಾ ಸಾರಿಸಿಕೊಳ್ತಾ ಒಳಗೆ ಬಂದ್ಲು. ಮತ್ತೆ ಮಟಮಟ ಮಧ್ಯಾಹ್ನ. ತಲೆ ಎತ್ತಿ ನೋಡ್ತಾಳೆ, ಇನ್ನೂ ಸಾರಿಸದ ನೆಲದ ಧೂಳಲ್ಲಿ ಹೆಜ್ಜೆ! ಪೂರ್ತಿ ಪಾದ ಅಲ್ಲ. ಬರೀ ಬೆರಳು. ಯಾರೋ ಮುಂಗಾಲಲ್ಲಿ ತುದಿ ತುದೀಲಿ ನಡೆದ ಹಾಗೆ. ಇವಳು ಒಂದು ಮೊಳ ಸಾರಿಸಿದ್ರೆ ಹೆಜ್ಜೆ ಒಂದು ಮೊಳ ಒಳಕ್ಕೆ. ಎರಡು ಮೊಳ ಸಾರಿಸಿದ್ರೆ ಎರಡು ಮೊಳ ಒಳಕ್ಕೆ.

"ಬೆಕ್ಕು ಇರಬೇಕು" ಅಂದುಕೊಂಡ್ಲು. ಬೆಕ್ಕಿಗೆ ಐದು ಬೆರಳು ಅಷ್ಟುದ್ದ ಇರ್ತಾವಾ? ಹೇಳಿ ನೀವೇ. ಅವಳಿಗೂ ಗೊತ್ತಿತ್ತು. ಆದ್ರೂ ಸಾರಿಸಿದ್ಲು. ಹಟ ಅನ್ನೋದು ಹಂಗೆ.

ಅವತ್ತು ಕೂಸು ಹಾಲು ಕುಡೀಲಿಲ್ಲ.

ಮೂರನೇ ದಿನ. ಅಡುಗೆಮನೆ. ಒಲೆಗೆ ಕೆಮ್ಮಣ್ಣು ಬಳಿದ್ಲು, ಗೂಡು ತೊಳೆದ್ಲು, ನೆಲ ಸಾರಿಸಿದ್ಲು. ಇನ್ನು ಉಳಿದಿದ್ದು ಒಳಕೋಣೆ ಒಂದೇ. ಅಲ್ಲಿ ತೊಲೆಗೆ ಸೀರೆ ಜೋಲಿ ಕಟ್ಟಿ ಬೆಳಿಗ್ಗೆಯೇ ಕೂಸು ಮಲಗಿಸಿದ್ದಳು. ಸಗಣಿ ಮಂಕರಿ ಹಿಡಿದು ಒಳಗೆ ಕಾಲಿಟ್ಟು ಮೊದಲು ಕೂಸಿನ ಮೈ ಮುಟ್ಟಿದ್ಲು. ತಣ್ಣಗೆ, ಬಾವಿ ಕಲ್ಲಿನ ಹಾಗೆ! ಉಸಿರು ಇದೆಯೋ ಇಲ್ಲವೋ ಅನ್ನೋ ಹಾಗೆ. ಜೋಲಿ ಮೆಲ್ಲಗೆ ತೂಗ್ತಾ ಇತ್ತು. ಇವಳು ತೂಗಿರಲಿಲ್ಲ. ಗಾಳಿ ಬರೋಕೆ ಆ ಕೋಣೆಗೆ ಕಿಟಕಿನೇ ಇರಲಿಲ್ಲ.

ಜೋಲಿ ಹಿಂದಿನ ಕತ್ತಲ ಮೂಲೇಲಿ ಅದು ಕೂತಿತ್ತು.

ಅದರ ಹೆಸರು ಹೇಳು ಅಂತೀರಾ? ದೀಪ ಇರೋ ಮನೇಲಿ ನಾನು ಹೇಳಲ್ಲ. ಒಡಕು ಮುರುಕು ಇದ್ದಲ್ಲಿ ಇರುತ್ತೆ, ಕಸ ಕೊಳೆ ಇದ್ದಲ್ಲಿ ಇರುತ್ತೆ. ಅಷ್ಟು ತಿಳಿದರೆ ಸಾಕು.

"ಹೊರಗೆ ಹೋಗು!" ಅಂತ ಚೀರಿದ್ಲು ಚೆನ್ನಾಜಿ.

ಒಣಗಿದ ಎಲೆ ತುಳಿದ ಹಾಗಿತ್ತು ಅದರ ದನಿ. "ಎಲ್ಲಿಂದ ಹೋಗಲಿ? ಅಡುಗೆಮನೆ ದಾಟೋಣ ಅಂದ್ರೆ ಸಗಣಿ ಸಾರಿಸಿದ್ದೀಯ. ನಡುಮನೆ ದಾಟೋಣ ಅಂದ್ರೆ ಸುಣ್ಣ ಬಳಿದಿದ್ದೀಯ. ಅಂಗಳ ದಾಟೋಣ ಅಂದ್ರೆ ರಂಗೋಲಿ ಬಿಟ್ಟಿದ್ದೀಯ. ಬೇಲಿ ಮೂಲೇಲಿ ಒಡಕು ಮಡಕೇಲಿ ನನ್ನ ಪಾಡಿಗೆ ನಾನಿದ್ದೆ. ಒಳಗೆ ಬರ್ತೀನಿ ಅಂತ ನಾನು ಕೇಳಿದ್ನಾ? ಮೂರು ದಿನದಿಂದ ಅಟ್ಟಿಕೊಂಡು ಬಂದೋಳು ನೀನು."

ಚೆನ್ನಾಜಿ ಕೈಯಿಂದ ಮಂಕರಿ ಬಿತ್ತು.

"ಯಾಕೆ ನಿಲ್ಲಿಸಿದೆ? ಈ ಕೋಣೇನೂ ಸಾರಿಸು," ಅಂತು ಅದು. "ಆಮೇಲೆ ನಿನ್ನ ಮನೇಲಿ ನನಗೆ ಉಳಿಯೋ ಜಾಗ ಒಂದೇ. ಈ ಕೂಸಿನ ಒಳಗೆ."

ಅಯ್ಯೋ ಶಿವನೇ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಚೆನ್ನಾಜಿ ಬಾಯಿ ಬಿಟ್ಟು ಕೇಳಿದ್ಲು: "ದಾರಿ ಮಾಡಿಕೊಟ್ರೆ ಹೋಗ್ತೀಯಾ?"

"ಕೊಳೆ ದಾರಿ ಆದ್ರೆ ಹೋಗ್ತೀನಿ. ನಡುವೆ ಒಂದು ಅಂಗೈ ಜಾಗ ಚೊಕ್ಕ ಇದ್ರೂ ವಾಪಸ್ ಬರ್ತೀನಿ."

ಆಗಲೇ ಬೀದಿ ತುದೀಲಿ ಎತ್ತಿನ ಗೆಜ್ಜೆ ಘಲ್ ಘಲ್ ಅಂತು. ಒಂದು ದಿನ ಮುಂಚೆಯೇ ಬಂದುಬಿಟ್ರು! ನೋಡಿ ಈಗ ಪೇಚಾಟ. ಅತ್ತ ದ್ಯಾವಮ್ಮನ ನಾಲಿಗೆ, ಇತ್ತ ಕೂಸಿನ ಉಸಿರು.

ಚೆನ್ನಾಜಿ ಒಲೆಗೆ ಕೈ ಹಾಕಿ ಬೂದಿ ಬಾಚಿದ್ಲು. ಈಗ ತಾನೇ ಸಾರಿಸಿದ ಅಡುಗೆಮನೆ ನೆಲದ ಮೇಲೆ ಸುರಿದ್ಲು. "ಬಾ" ಅಂದ್ಲು. ಬೆನ್ನ ಹಿಂದೆ ಬೂದಿ ಮೇಲೆ 'ಚರ್ ಚರ್' ಅಂತ ಸದ್ದು.

ಬೂದಿ ಮುಗೀತು. ರಾಗಿ ಹೊಟ್ಟಿನ ಚೀಲ ಎಳೆದು ನಡುಮನೆ, ಜಗುಲಿ ತುಂಬ ಚೆಲ್ಲಿದ್ಲು. ಸುಣ್ಣದ ಗೋಡೆಗೆ ಮಸಿ ಕೈ ಒರೆಸಿದ್ಲು. "ಬಾ" ಅಂದ್ಲು. ಚರ್, ಚರ್. ಆಮೇಲೆ ಸದ್ದು ನಿಂತೇ ಹೋಯ್ತು. ವಾಪಸ್ ಜೋಲಿ ಹತ್ತಿರ ಹೋಯ್ತಾ? ಇಲ್ಲೇ ನಿಂತಿದೆಯಾ? ತಿರುಗಿ ನೋಡೋ ಧೈರ್ಯ ಅವಳಿಗಿಲ್ಲ. ಕೆಳಗೆ ಕಣ್ಣು ಹಾಯಿಸಿದ್ರೆ ಹೊಸ್ತಿಲ ಪಕ್ಕ ಅಂಗೈ ಅಗಲ ನೆಲ ಚೊಕ್ಕ ಉಳಿದಿತ್ತು. ಚೀಲದಲ್ಲಿ ಹೊಟ್ಟಿಲ್ಲ. ತಲೇಲಿದ್ದ ಧೂಳು ಕೆದರಿ ಕೆದರಿ ಉದುರಿಸಿದ್ಲು. ಚರ್ ಅಂತು, ಬಂತು.

ಅಂಗಳಕ್ಕೆ ಇಳಿದು ರಂಗೋಲೀನ ಕಾಲಲ್ಲಿ ಅಳಿಸಿದ್ಲು. ಕನಕಾಂಬರದ ಪಾತಿ ಎರಡೂ ಕೈಲಿ ಬಗೆದು ಮಣ್ಣು ಹರಡಿದ್ಲು. ಬೇಲಿ ದಾಸವಾಳ ಕಿತ್ತು ಕಂಡಿ ಮಾಡಿದ್ಲು. "ಬಾ, ನನ್ನವ್ವ, ಹೋಗು" ಅಂದ್ಲು. ಅವಳ ಹಿಮ್ಮಡಿ ಸವರಿಕೊಂಡು ಏನೋ ತಣ್ಣಗೆ ಆಚೆ ಹೋಯ್ತು.

ಗಾಡಿ ಬಂದು ನಿಂತಿತ್ತು. ಇಳಿದ ದ್ಯಾವಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಇದೇನೇ ಚೆನ್ನಾಜಿ ನಿನ್ನ ಅವತಾರ? ತಿಪ್ಪೇಲಿ ಸಂಸಾರ ಮಾಡ್ತೀಯೇನೆ?"

ಚೆನ್ನಾಜಿಯ ಕಿವಿ ಒಳಗಡೆ ಇತ್ತು. ಒಂದು ಗಳಿಗೆ ಆಯ್ತು. ಎರಡು ಗಳಿಗೆ ಆಯ್ತು. ಮೂರನೇ ಗಳಿಗೆಗೆ ಒಳಕೋಣೇಲಿ ಕೂಸು ಕಿಟಾರನೆ ಕಿರುಚಿ ಅತ್ತಿತು. ಹಸಿದ ಕೂಸಿನ ಅಳು! ಚೆನ್ನಾಜಿ ಓಡಿ ಹೋಗಿ ಎತ್ತಿಕೊಂಡ್ರೆ ಕೆಂಡದ ಪಕ್ಕ ಇಟ್ಟ ಬಟ್ಟೆ ಹಾಗೆ ಮೈ ಬೆಚ್ಚಗಿತ್ತು. ಎದೆಗೆ ಹಾಕಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಹಾಲು ಕುಡಿಸ್ತಾ ಕುಡಿಸ್ತಾ ಬಾಗಿಲಿಗೆ ಬಂದು ನೋಡ್ತಾಳೆ, ದ್ಯಾವಮ್ಮ ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದು ಬೇಲಿ ಹತ್ತಿರ ನಿಂತಿದ್ದಾಳೆ.

"ಬಿಡು, ನಿನ್ನ ಕೈಲಿ ಆಗಲ್ಲ. ನಾನೇ ಇಲ್ಲಿಂದ ಗುಡಿಸಿಕೊಂಡು ಒಳಗೆ ಬರ್ತೀನಿ."

"ಬೇಡ ಅಕ್ಕಾ!" ಅಂತ ಓಡಿ ಬಂದು ಅವಳ ಮುಂಗೈ ಹಿಡಿದ್ಲು ಚೆನ್ನಾಜಿ. "ಕೆಳಗೆ ನೋಡು."

ದ್ಯಾವಮ್ಮ ನೋಡಿದ್ಲು. ಜಗುಲಿಯ ಹೊಟ್ಟಿನ ಮೇಲೆ, ಅಂಗಳದ ಮಣ್ಣಿನ ಮೇಲೆ ಉದ್ದುದ್ದ ಬೆರಳಿನ ಹೆಜ್ಜೆ. ಎಲ್ಲ ಹೆಜ್ಜೆಯೂ ಹೊರಕ್ಕೆ. ಬೇಲಿ ಕಂಡಿ ಆಚೆ ಕೊನೇ ಜೋಡಿ ಹೆಜ್ಜೆ ಮಾತ್ರ ಮನೆ ಕಡೆಗೆ ತಿರುಗಿ ನಿಂತಿತ್ತು. ಈ ಕಡೆ ಪೊರಕೆ ಹಿಡಿದು ದ್ಯಾವಮ್ಮ, ಆ ಕಡೆ ಅದು. ನಡುವೆ ಒಂದೇ ಮಾರು.

ದ್ಯಾವಮ್ಮನ ಬಾಯಿ ಮುಚ್ಚಿತು, ಹುಟ್ಟಿದ ಮೇಲೆ ಮೊದಲನೇ ಸಲ. ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ಹಿಂದಕ್ಕೆ ಹೆಜ್ಜೆ ಇಟ್ಟಳು. ಹೆಜ್ಜೆ ಶುರುವಾದ ಜಾಗ ಹುಡುಕಿಕೊಂಡು ನೆಟ್ಟಗೆ ಒಳಕೋಣೆಗೆ ಹೋಗಿ ಜೋಲಿ ಹಿಂದಿನ ಮೂಲೇಲಿ ಕುಕ್ಕರಗಾಲಲ್ಲಿ ಕೂತ್ಲು. ಅಲ್ಲಿಂದ ಗುಡಿಸೋಕೆ ಶುರು ಮಾಡಿದ್ಲು.

ಕತೆ ಕೇಳಿದೋರ ಮನೆ ಬೆಳಗಲಿ, ಹೇಳಿದೋಳ ನಾಲಿಗೆ ತಣ್ಣಗಿರಲಿ. ಏಳಿ ಇನ್ನು, ಒಬ್ಬೊಬ್ಬರೇ ಹೋಗಬೇಡಿ.